ಮೆಕ್ಸಿಕೊದ ಚೀಸ್–ಆಲೂಗಡ್ಡೆ ಸೂಪ್: ಹಾಲು ಒಡೆಯುವುದು ಯಾಕೆ?

ಪ್ರಶ್ನೆ: ಅರಿಜೋನಾದ ಟೂಸಾನ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ಒಂದು ಸೂಪ್ ಮಾಡಿಕೊಟ್ಟರು. ಆಲೂಗಡ್ಡೆ, ಟೊಮೆಟೊ, ಹಾಲು, ಮೇಲೆ ಬಿಳಿ ಚೀಸ್. ತುಂಬಾ ಹಿಡಿಸಿತು. ಮೈಸೂರಿಗೆ ಬಂದು ನಾನೂ ಮಾಡಿದೆ. ಹಾಲು ಒಡೆದು ಕೆಟ್ಟಿತು. ಎಲ್ಲಿ ತಪ್ಪಿದೆ? ಅದರ ಹೆಸರೂ ನೆನಪಿಲ್ಲ.

ಉತ್ತರ: ಅದು ಕಾಲ್ದೊ ದೆ ಕೆಸೊ. ಮೆಕ್ಸಿಕೊದ ವಾಯವ್ಯ ಮೂಲೆಯಲ್ಲಿರುವ ಸೊನೋರಾ ರಾಜ್ಯದ ಮನೆ ಅಡುಗೆ. ಅರಿಜೋನಾ ಮತ್ತು ಸೊನೋರಾ ಅಕ್ಕಪಕ್ಕ. ಹಾಗಾಗಿ ಟೂಸಾನ್‌ನ ಎಷ್ಟೋ ಮನೆಗಳಲ್ಲಿ ಈ ಸೂಪ್ ಮಾಡುತ್ತಾರೆ. ಸೊನೋರಾ ಮೊದಲಿನಿಂದಲೂ ದನ ಸಾಕುವ ಸೀಮೆ. ಅಲ್ಲಿಯ ಅಡುಗೆಯಲ್ಲಿ ಹಾಲು, ಚೀಸ್ ಧಾರಾಳ.

ನಿಮ್ಮ ಹಾಲು ಒಡೆಸಿದ್ದು ಟೊಮೆಟೊದ ಹುಳಿ. ನಿಂಬೆರಸ ಹಿಂಡಿ ಪನೀರ್ ಮಾಡುತ್ತೇವಲ್ಲ, ಇಲ್ಲೂ ಅದೇ ಆಯಿತು. ಹಾಲು ತಣ್ಣಗಿದ್ದಾಗ ಸ್ವಲ್ಪ ಹುಳಿ ತಡೆದುಕೊಳ್ಳುತ್ತದೆ. ಕುದಿಯುವಾಗ ಅದಕ್ಕಿಂತ ಕಡಿಮೆ ಹುಳಿಗೂ ಒಡೆಯುತ್ತದೆ. ಅಂದರೆ ಹುಳಿಯನ್ನೂ ಕಡಿಮೆ ಮಾಡಬೇಕು, ಹಾಲು ಬಿದ್ದ ಮೇಲೆ ಕುದಿಯನ್ನೂ ತಪ್ಪಿಸಬೇಕು. ನಾಟಿ ಟೊಮೆಟೊ ಬೇಡ, ಅದು ಸಾರಿಗೆ ಚೆಂದ. ಇಲ್ಲಿಗೆ ಚೆನ್ನಾಗಿ ಹಣ್ಣಾದ ಫಾರಂ ಟೊಮೆಟೊ ಸಾಕು. ಹಾಲು ಅವತ್ತಿನದೇ ಇರಲಿ, ಕೆನೆ ತೆಗೆಯದ ಗಟ್ಟಿ ಹಾಲಾದರೆ ಒಳ್ಳೆಯದು. ಹಿಂದಿನ ದಿನದ ಹಾಲಿನಲ್ಲಿ ಹುಳಿ ಆಗಲೇ ಶುರುವಾಗಿರಬಹುದು.

ನಾಲ್ಕು ಜನಕ್ಕೆ ಅರ್ಧ ಕೆ.ಜಿ. ಆಲೂಗಡ್ಡೆ, ಎರಡು ಟೊಮೆಟೊ, ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಮೂರು ದೊಡ್ಡ ಹಸಿರು ಮೆಣಸಿನಕಾಯಿ (ಯಾವುದು ಅಂತ ಮುಂದೆ ಹೇಳುತ್ತೇನೆ), ಒಂದು ಲೀಟರ್ ನೀರು, ಒಂದೂವರೆ ಲೋಟ ಹಾಲು, 250 ಗ್ರಾಂ ಚೀಸ್. ಎರಡು ಚಮಚ ಬೆಣ್ಣೆ ಅಥವಾ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಬೆಳ್ಳುಳ್ಳಿ ಹಾಕಿ. ಆಮೇಲೆ ಟೊಮೆಟೊ. ಅದರ ನೀರು ಇಂಗಿ ಮೆತ್ತಗಾಗುವವರೆಗೆ ಹುರಿಯಿರಿ, ಇಲ್ಲಿ ಅವಸರ ಬೇಡ. ಮೆಣಸಿನಕಾಯಿ, ಒಂದಿಂಚಿನ ಆಲೂಗಡ್ಡೆ ಹೋಳು, ನೀರು ಸೇರಿಸಿ ಬೇಯಿಸಿ. ಟೊಮೆಟೊದ ಹುಳಿಗೆ ಆಲೂಗಡ್ಡೆ ಬೇಯುವುದು ಸ್ವಲ್ಪ ನಿಧಾನ. ಆದರೆ ಆ ಹುಳಿಯಿಂದಲೇ ಹೋಳು ಕರಗದೆ ಗಟ್ಟಿಯಾಗಿ ಉಳಿಯುತ್ತದೆ.

ಹೋಳು ಬೆಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ. ಹಾಲನ್ನು ಫ್ರಿಜ್‌ನಿಂದ ತೆಗೆದು ನೇರವಾಗಿ ಸುರಿಯಬೇಡಿ. ಒಂದು ಪಾತ್ರೆಯಲ್ಲಿ ಹಾಲಿಟ್ಟು, ಅದಕ್ಕೆ ಎರಡು ಸೌಟು ಬಿಸಿ ಸೂಪ್ ನಿಧಾನವಾಗಿ ಬೆರೆಸಿ, ಆಮೇಲೆ ಎಲ್ಲವನ್ನೂ ಸೂಪಿನ ಪಾತ್ರೆಗೆ ಹಾಕಿ. ಇನ್ನು ಹಬೆ ಏಳಬೇಕು, ಕುದಿ ಬರಬಾರದು. ಚೀಸ್ ಕೊನೆಗೆ. ಅದು ಉಪ್ಪಾಗಿರುತ್ತದೆ, ಆದ್ದರಿಂದ ಉಪ್ಪನ್ನು ರುಚಿ ನೋಡಿ ಕಡೆಯಲ್ಲೇ ಹಾಕಿ.

ಟೊಮೆಟೊ ಹುರಿಯುವಾಗ ಚಿಟಿಕೆ ಅಡುಗೆ ಸೋಡ ಹಾಕಿದರೂ ಹುಳಿ ತಗ್ಗುತ್ತದೆ. ಸ್ವಲ್ಪ ಜಾಸ್ತಿಯಾದರೂ ಸೋಪಿನ ರುಚಿ ಬರುತ್ತದೆ, ಹಾಗಾಗಿ ನನಗೆ ಆ ದಾರಿ ಅಷ್ಟು ಇಷ್ಟವಿಲ್ಲ. ಅಮೆರಿಕದಲ್ಲಿ ಅನೇಕರು ಡಬ್ಬಿಯ ಇವಾಪೊರೇಟೆಡ್ ಹಾಲು (ಸಕ್ಕರೆ ಹಾಕದೆ ನೀರು ಇಂಗಿಸಿ ಗಟ್ಟಿ ಮಾಡಿದ್ದು) ಹಾಕುತ್ತಾರೆ, ಅದು ಸುಲಭಕ್ಕೆ ಒಡೆಯುವುದಿಲ್ಲ. ಅದರ ಬದಲು ಇಲ್ಲಿಯ ಕಂಡೆನ್ಸ್‌ಡ್ ಹಾಲಿನ ಡಬ್ಬಿ ಒಡೆದೀರಿ, ಹುಷಾರು! ಅದರಲ್ಲಿ ಸಕ್ಕರೆ ಇದೆ, ಸೂಪ್ ಪಾಯಸವಾಗುತ್ತದೆ.

ಪ್ರಶ್ನೆ: ಮೆಕ್ಸಿಕನ್ ಚೀಸ್ ನಮ್ಮೂರಲ್ಲಿ ಸಿಗುವುದಿಲ್ಲ. ಪನೀರ್ ಆಗುತ್ತದಾ? ನಾವು ಸಸ್ಯಾಹಾರಿಗಳು, ಚೀಸ್ ಮಾಡಲು ಹಾಲು ಒಡೆಸುವ ರೆನೆಟ್ ಬಗ್ಗೆಯೂ ಅನುಮಾನವಿದೆ.

ಉತ್ತರ: ಪನೀರ್ ಒಂದೇ ಹಾಕಿದರೆ ಅರ್ಧ ಮಾತ್ರ ಸರಿ. ಸೊನೋರಾದಲ್ಲಿ ಈ ಸೂಪಿಗೆ ಕೆಸೊ ಫ್ರೆಸ್ಕೊ ಎಂಬ ತಾಜಾ ಚೀಸ್, ಇಲ್ಲವೇ ಕೆಸೊ ಕೊಸಿದೊ ಎಂಬ ಎಳೆ ಬರುವ ಚೀಸ್ ಹಾಕುತ್ತಾರೆ. ಮೊದಲನೆಯದು ಬಿಸಿಗೆ ಮೆತ್ತಗಾಗುತ್ತದೆ, ಆದರೆ ತುಂಡು ತುಂಡಾಗಿಯೇ ಇರುತ್ತದೆ. ಎರಡನೆಯದು ಚಮಚ ಎತ್ತಿದರೆ ನೂಲಿನ ಹಾಗೆ ಬರುತ್ತದೆ.

ಪನೀರ್ ಹುಳಿಯಿಂದ ಒಡೆದ ಹಾಲಿನದು. ಹುಳಿ ಬಿದ್ದಾಗ ಕ್ಯಾಲ್ಸಿಯಂ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಅದಕ್ಕೇ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಎಳೆಯೂ ಬರುವುದಿಲ್ಲ. ನಾನು ಹೇಳುವುದು ಹೀಗೆ: ಅರ್ಧ ಪನೀರ್, ಅರ್ಧ ಮೊಝರೆಲ್ಲಾ. ಪನೀರ್ ಹೋಳಿಗೆ ಮೊದಲೇ ಉಪ್ಪುನೀರು ಕುಡಿಸಿ. ಮೊಝರೆಲ್ಲಾ ತುರಿದದ್ದು ಬೇಡ, ಇಡೀ ಗಡ್ಡೆ ತಂದು ಚಿಕ್ಕ ಹೋಳು ಮಾಡಿ ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಸೂಪ್ ಹುಯ್ಯಿರಿ. ಪಾತ್ರೆಗೇ ಹಾಕಿ ಕಲಕಿದರೆ ತಳದಲ್ಲಿ ಮುದ್ದೆ ಕಟ್ಟಿಕೊಳ್ಳುತ್ತದೆ.

ಪೊಟ್ಟಣದ ಪ್ರೊಸೆಸ್ಡ್ ಚೀಸ್ ಕ್ಯೂಬ್ ಮಾತ್ರ ಬೇಡ. ಅದು ಸೂಪಿನಲ್ಲಿ ಪೂರ್ತಿ ಕರಗಿ ಸಾಸ್ ಆಗುತ್ತದೆ. ರುಚಿಯಾಗಿರುತ್ತದೆ, ಇಲ್ಲ ಅನ್ನಲ್ಲ, ಆದರೆ ಅದು ಬೇರೆ ತಿಂಡಿ. ರೆನೆಟ್ ವಿಷಯಕ್ಕೆ: ಹಸಿರು ಚುಕ್ಕಿ ಇರುವ ಚೀಸ್‌ಗೆ ಪ್ರಾಣಿ ಮೂಲದ ರೆನೆಟ್ ಬಳಸಿರುವುದಿಲ್ಲ. ಆ ಗುರುತು ನೋಡಿ ತನ್ನಿ.

ಪ್ರಶ್ನೆ: ಹಸಿಮೆಣಸಿನಕಾಯಿ ಎಷ್ಟು ಹಾಕಬೇಕು?

ಉತ್ತರ: ನಮ್ಮ ಚಟ್ನಿಯ ಹಸಿಮೆಣಸಿನಕಾಯಿ ಹಾಕಲೇಬೇಡಿ. ಅಲ್ಲಿಯವರು ಬಳಸುವುದು ಅನಾಹೈಮ್ ಜಾತಿಯ ಉದ್ದನೆ, ಖಾರ ಕಡಿಮೆಯ ಕಾಯಿ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬಜ್ಜಿ ಮೆಣಸಿನಕಾಯಿ. ಅದನ್ನು ಗ್ಯಾಸ್ ಉರಿಯ ಮೇಲೆ ಸಿಪ್ಪೆ ಕರಿಯಾಗುವವರೆಗೆ ಸುಡಿ. ಹತ್ತು ನಿಮಿಷ ಪಾತ್ರೆಯಲ್ಲಿ ಮುಚ್ಚಿಟ್ಟರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಬೀಜ ತೆಗೆದು ಉದ್ದುದ್ದ ಸೀಳಿ. ಆ ಸುಟ್ಟ ಪರಿಮಳ ಬೇಕೇ ಬೇಕು. ಸುಡದೆ ಹಸಿಯಾಗಿ ಹಾಕಿದರೆ ಇದು ಸಪ್ಪೆ ಹಾಲಿನ ಸಾರು, ಅಷ್ಟೆ.

ಖಾರ ಬೇಕಾದವರು ಊಟದ ಹೊತ್ತಿಗೆ ಬಟ್ಟಲಿಗೇ ಹಾಕಿಕೊಳ್ಳುತ್ತಾರೆ. ಸೊನೋರಾದ ಬೆಟ್ಟಗಳಲ್ಲಿ ಚಿಲ್ಟೆಪಿನ್ ಎಂಬ ಕಾಡುಮೆಣಸು ಬೆಳೆಯುತ್ತದೆ. ಗುಂಡಗೆ, ಬಟಾಣಿಗಿಂತ ಚಿಕ್ಕದು, ಖಾರ ಮಾತ್ರ ಜೋರು. ಒಣಗಿದ್ದನ್ನು ಬೆರಳಲ್ಲಿ ಪುಡಿ ಮಾಡಿ ಉದುರಿಸುತ್ತಾರೆ. ಮಲೆನಾಡಿನವರು ಮನೆಯ ಜೀರಿಗೆ ಮೆಣಸು ಒಣಗಿಸಿ ಇದಕ್ಕೆ ಬಳಸಬಹುದು. ಜಾತಿ ಬೇರೆ, ಕೆಲಸ ಒಂದೇ.

ಪ್ರಶ್ನೆ: ಸೂಪ್ ತೆಳ್ಳಗಿರುತ್ತದೆ. ಕಾರ್ನ್‌ಫ್ಲೋರ್ ಹಾಕಲಾ? ಜೊತೆಗೆ ಏನು ತಿನ್ನುವುದು?

ಉತ್ತರ: ಹಾಕಬೇಡಿ. ಅದು ತೆಳ್ಳಗೇ ಇರಬೇಕು. ಹೋಟೆಲಿನ ಕ್ರೀಮ್ ಸೂಪ್ ತಲೆಯಲ್ಲಿಟ್ಟುಕೊಂಡರೆ ಇದು ಕೆಟ್ಟುಹೋದಂತೆ ಕಾಣಬಹುದು. ಇದು ತಿಳಿಸಾರು, ಅದರಲ್ಲಿ ಹೋಳು, ಚೀಸ್ ಇರಬೇಕು. ಅಲ್ಲಿ ಮೆಕ್ಕೆಜೋಳದ ಟೋರ್ಟಿಯಾಗಿಂತ (ಅಲ್ಲಿಯ ತೆಳ್ಳನೆ ರೊಟ್ಟಿ) ಗೋಧಿಯ ಟೋರ್ಟಿಯಾವನ್ನೇ ಜಾಸ್ತಿ ತಿನ್ನುತ್ತಾರೆ, ಏಕೆಂದರೆ ಸೊನೋರಾ ಗೋಧಿಯ ನಾಡೂ ಹೌದು. ನಮಗೂ ಅದರ ನಂಟಿದೆ. ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಗೋಧಿ ತಳಿಗಳ ಕೆಲಸ ಮಾಡಿದ್ದು ಅಲ್ಲಿಯ ಯಾಕಿ ಕಣಿವೆಯಲ್ಲಿ. 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿಕೊಂಡಿತು. ಹಸಿರು ಕ್ರಾಂತಿಗೆ ನೆರವಾದ ಒಂದು ತಳಿಯ ಹೆಸರೇ ಸೊನೋರಾ 64. ಹಾಗಾಗಿ ತೆಳ್ಳನೆ ಚಪಾತಿ ಜೊತೆ ತಿಂದರೆ ಯಾರೂ ತಕರಾರು ಮಾಡುವ ಹಾಗಿಲ್ಲ, ಅಲ್ವಾ?

ಪ್ರಶ್ನೆ: ಉಳಿದ ಸೂಪನ್ನು ಮರುದಿನ ಬಿಸಿ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಕುದಿಸಿದರೆ ಒಡೆಯುತ್ತದೆ. ಉಳಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಹಾಲು ಹಾಕುವ ಮುಂಚೆಯೇ ಒಂದು ಪಾಲು ತೆಗೆದು ಫ್ರಿಜ್‌ನಲ್ಲಿಡಿ. ಮರುದಿನ ಅದನ್ನು ಚೆನ್ನಾಗಿ ಕುದಿಸಿ, ಉರಿ ಇಳಿಸಿ, ಹಾಲು ಬೆರೆಸಿ. ಚೀಸ್ ಬಟ್ಟಲಿಗೆ.