ಕೊಳೆಗೇರಿಯಲ್ಲಿ ಬೊಜ್ಜಿನ ಅಧ್ಯಯನ: ಅಲ್ಲಿನ ಹೆಂಗಸರನ್ನು ಯಾವಾಗ, ಹೇಗೆ ಸೇರಿಸಿಕೊಳ್ಳಬೇಕು?

ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಹೆಂಗಸರ ಬೊಜ್ಜಿನ ಅಧ್ಯಯನ ಮಾಡಬೇಕು, ಪ್ರಶ್ನಾವಳಿ ಸಿದ್ಧವಿದೆ, ಈಗ ಜನರನ್ನು ಜೊತೆಗೆ ತಗೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಪ್ರಶ್ನಾವಳಿ ಮುಗಿದ ಮೇಲೆ ಕರೆದರೆ ಅವರು ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಾರೆ ಅಷ್ಟೆ. ನಾನಾದರೆ ಅದನ್ನು ಪಕ್ಕಕ್ಕಿಟ್ಟು, 'ನಿಮಗೆ ತೊಂದರೆ ಎಲ್ಲಿ?' ಎಂದು ಕೇಳಿ ಶುರು ಮಾಡುತ್ತೇನೆ. ರಾತ್ರಿ ನೀರು ಬರುತ್ತದೆ, ಬೆಳಿಗ್ಗೆ ಅಡುಗೆಗೆ ಹೊತ್ತಿಲ್ಲ ಎಂದರೆ ನಿಮ್ಮ 'ಆಹಾರದ ಅರಿವು' ಪ್ರಶ್ನೆಗಳಲ್ಲಿ ಅರ್ಧ ಬಿಡಬೇಕಾದೀತು.

ಜನರನ್ನು ಹುಡುಕಲು ಮಹಿಳಾ ಆರೋಗ್ಯ ಸಮಿತಿ (ಬಡಾವಣೆಯ ಹೆಂಗಸರದೇ ಆರೋಗ್ಯ ಗುಂಪು) ಒಳ್ಳೆಯ ದಾರಿ. 50ರಿಂದ 100 ಮನೆಗೊಂದು ಇರಬೇಕು; ಆಶಾ ಕಾರ್ಯಕರ್ತೆಯನ್ನು ಕೇಳಿ. ಅದನ್ನೊಂದೇ ನೆಚ್ಚಿದರೆ ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಶೆಡ್ಡಿನಲ್ಲಿರುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಯಲ್ಲಿ ಉರ್ದು, ತಮಿಳು ಆಡುವವರು ತಪ್ಪಿಹೋಗುತ್ತಾರೆ. ಪ್ರತಿ ಗುಂಪಿನಿಂದ ಇಬ್ಬರಾದರೂ ಇರಲಿ, ಒಬ್ಬರೇ ಆದರೆ ಬಾಯಿ ಬಿಡುವುದಿಲ್ಲ. ಗಾರ್ಮೆಂಟ್ಸ್‌ನವರಿಗೆ ಭಾನುವಾರ, ಪೌರಕಾರ್ಮಿಕರಿಗೆ ಮಧ್ಯಾಹ್ನದ ಮೇಲೆ ಸಭೆ ಇಡಿ.

ತಪ್ಪಿದ ಕೂಲಿಯನ್ನು ಕಟ್ಟಿಕೊಡಬೇಕು. ಇದನ್ನು ನೈತಿಕ ಸಮಿತಿಯ (ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಸಮಿತಿ) ಅರ್ಜಿಯಲ್ಲೂ ಬಜೆಟ್ಟಿನಲ್ಲೂ ಮೊದಲೇ ಬರೆಯಿರಿ, ಇಲ್ಲದಿದ್ದರೆ ಆಮೇಲೆ ಲೆಕ್ಕದ ವಿಭಾಗ ಬಿಲ್ ಕೇಳುತ್ತದೆ. ಫೋನ್‌ಪೇ ಬೇಡ, ಎಷ್ಟೋ ಮನೆಗಳಲ್ಲಿ ಫೋನು ಗಂಡನ ಕೈಯಲ್ಲಿ. ಓದು ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡದವರಲ್ಲದ ಸಾಕ್ಷಿ ಇರಬೇಕು.

ಹೆಚ್ಚು ಕೆಡುವುದು ಅಳತೆಯಲ್ಲಿ. ಸೊಂಟದ ಟೇಪು ಬರಬೇಕಾದ್ದು ಕೊನೆಯ ಪಕ್ಕೆಲುಬಿನ ಕೆಳಗಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ. ಸೀರೆಯ ನೆರಿಗೆ, ಲಂಗದ ಲಾಡಿ ಮೇಲೆ ಸುತ್ತಿದ್ದು ಅಳತೆಯೇ ಅಲ್ಲ. ಲಾಡಿ ಸಡಿಲಿಸಲು ಪರದೆ ಬೇಕು, ಅಳೆಯುವವರು ಹೆಂಗಸರೇ ಆಗಬೇಕು. ಎತ್ತರಕ್ಕೆ ತುರುಬು ಬಿಚ್ಚಿಸಿ. ತೂಕದ ಯಂತ್ರದ ಕೆಳಗೆ ಅಲುಗಾಡದ ಹಲಗೆ ಹಾಕಿ. ಅಂಕಿಯನ್ನು ಕೂಗಿ ಬರೆಸಿದಿರೋ, ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಭಾರತೀಯರಿಗೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಹೆಂಗಸರ ಸೊಂಟಕ್ಕೆ ಗಡಿ 80 ಸೆಂ.ಮೀ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 25ರಿಂದ ಮೇಲಿನವರನ್ನಷ್ಟೇ ಎಣಿಸುತ್ತದೆ (ಕರ್ನಾಟಕದ ಹೆಂಗಸರಲ್ಲಿ ಶೇ. 30.1), ಹಾಗಾಗಿ ನಿಮ್ಮ 23ರ ಲೆಕ್ಕವನ್ನು ಅದರ ಪಕ್ಕ ಇಡಬೇಡಿ.

ದಿನಕ್ಕೆ ಎಷ್ಟು ಎಣ್ಣೆ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್, ಉಣ್ಣುವವರು ಎಷ್ಟು ಜನ ಎಂದು ಕೇಳಿ. ಐವರಿಗೆ 4 ಲೀಟರ್ ಎಂದರೆ, ಲೀಟರಿಗೆ ಸುಮಾರು 910 ಗ್ರಾಂ ಹಿಡಿದರೆ, ತಲೆಗೆ ದಿನಕ್ಕೆ 24 ಗ್ರಾಂ. ಪ್ಯಾಕೆಟ್ ಎಲ್ಲ ಒಂದೇ ತೂಕವಲ್ಲ, ಮೇಲಿನ ಅಂಕಿ ನೋಡಿ ಬರೆದುಕೊಳ್ಳಿ. ಸಂಜೆಯ ಬಜ್ಜಿ, ಬೋಂಡಾ ಬೇರೆ ಲೆಕ್ಕ.

ಬಿಪಿ, ಸಕ್ಕರೆ ಹೆಚ್ಚು ಕಂಡವರನ್ನು ಕಳಿಸಲು ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ. ವರದಿಯ ಕರಡನ್ನು ಪತ್ರಿಕೆಗೆ ಕಳಿಸುವ ಮುಂಚೆ ಅದೇ ಹೆಂಗಸರಿಗೆ ಓದಿ ಹೇಳಿ. ತಪ್ಪು ಎಂದದ್ದನ್ನು ಅಳಿಸಲು ಆಗದಿದ್ದರೆ ಅವರ ಆಕ್ಷೇಪವನ್ನೂ ವರದಿಯಲ್ಲೇ ಬರೆಯಿರಿ.