ಕೆಂಪು-ನೀಲಿ ಲೈಟ್ ನಮ್ಮ ಗಾಡಿಗೆ ಹಾಕಿಸಬಹುದಾ?

ಪ್ರಶ್ನೆ: ಹೊಸ ಎಸ್‌ಯುವಿ ತಗೊಂಡು ಎರಡು ತಿಂಗಳಾಯಿತು. ಮುಂದಿನ ಗ್ರಿಲ್ ಒಳಗೆ ಕೆಂಪು-ನೀಲಿ ಮಿನುಗುವ ಸಣ್ಣ ಎಲ್‌ಇಡಿ ಹಾಕಿಸಿದ್ದೇನೆ. ಟಾಪ್ ಮೇಲೆ ಏನೂ ಇಲ್ಲ, ಸೈರನ್ನೂ ಇಲ್ಲ. ಹೈವೇಯಲ್ಲಿ ಮುಂದಿನವರು ಬೇಗ ದಾರಿ ಬಿಡಲಿ ಅಂತ ಅಷ್ಟೇ. ಟಾಪ್ ಮೇಲೆ ಇಲ್ಲದಿದ್ದರೆ ತೊಂದರೆ ಇಲ್ಲ ಅಂತ ಅಂಗಡಿಯವರು ಹೇಳಿದರು. ನಿಜಾನಾ?

ಉತ್ತರ: ನಿಜ ಅಲ್ಲ. ಈ ವಾರವೇ ತೆಗೆಸಿಬಿಡಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೇ ನಿಯಮ ಅಂತ ಒಂದಿದೆ. ಅದು ಹೇಳುವುದು ಬಹಳ ಸರಳ. ಯಾವ ಗಾಡಿಯೂ ಮುಂದಕ್ಕೆ ಕೆಂಪು ಬೆಳಕು ತೋರಿಸಬಾರದು, ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಬೆಳಕು ತೋರಿಸಬಾರದು. ಇಂಡಿಕೇಟರ್, ನಂಬರ್ ಪ್ಲೇಟಿನ ಲೈಟ್, ರಿವರ್ಸ್ ಲೈಟ್, ಒಳಗಿನ ದೀಪ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಲೈಟ್ ಟಾಪ್ ಮೇಲಿದೆಯೋ ಗ್ರಿಲ್ ಒಳಗಿದೆಯೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎದುರಿಗಿದ್ದವನ ಕಣ್ಣಿಗೆ ಯಾವ ಬಣ್ಣ ಬಿತ್ತು ಅನ್ನುವುದಷ್ಟೇ ಲೆಕ್ಕ.

ಯಾಕೆ ಹೀಗೆ ಅಂದರೆ, ಕತ್ತಲಲ್ಲಿ ಗಾಡಿ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಬಿಳಿ ಕಂಡರೆ ಆ ಗಾಡಿ ನಮ್ಮ ಕಡೆಗೆ ಬರುತ್ತಿದೆ, ಕೆಂಪು ಕಂಡರೆ ನಮ್ಮ ಮುಂದೆ ಅದೇ ದಿಕ್ಕಿಗೆ ಹೋಗುತ್ತಿದೆ ಅಂತ ನಾವು ಯೋಚನೆಯನ್ನೂ ಮಾಡದೆ ತಿಳಿದುಕೊಳ್ಳುತ್ತೇವೆ, ಅದನ್ನೇ ನಂಬಿ ಓವರ್‌ಟೇಕ್ ಮಾಡುತ್ತೇವೆ. ಆ ನಂಬಿಕೆ ಕೆಡಬಾರದು ಅಂತಲೇ ನಿಯಮ ಇಷ್ಟು ಬಿಗಿ.

ಕೆಂಪು, ನೀಲಿ, ಬಿಳಿ ಸೇರಿ ಮಿನುಗುವ ದೀಪ ತುರ್ತು ಕೆಲಸಕ್ಕೆ ಅಂತಲೇ ಗೊತ್ತುಪಡಿಸಿದ ಗಾಡಿಗಳದ್ದು. ಅಗ್ನಿಶಾಮಕ ದಳ, ಕಾನೂನು-ಸುವ್ಯವಸ್ಥೆಗೆ ಇಳಿದ ಪೊಲೀಸ್ ಮತ್ತು ರಕ್ಷಣಾ ಪಡೆ, ನೆರೆ-ಭೂಕಂಪದಂಥ ವಿಕೋಪದಲ್ಲಿ ಕೆಲಸ ಮಾಡುವವರು. ಅವರಿಗೆ ಕೆಂಪು, ನೀಲಿ ಎರಡೂ ಯಾಕೆ ಬೇಕು ಅಂತ ಕೇಳಿದರೆ, ಕತ್ತಲಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹಗಲಲ್ಲಿ ಕೆಂಪು ಎದ್ದು ಕಾಣುತ್ತದೆ. ಎರಡೂ ಇದ್ದರೆ ಎರಡು ಹೊತ್ತಿಗೂ ಆಯಿತು. ನಿಮ್ಮ ಗ್ರಿಲ್‌ನಲ್ಲಿ ಮಿನುಗುತ್ತಿರುವುದು ಇದೇ ಜೋಡಿ, ಅದಕ್ಕೇ ಜನ ದಾರಿ ಬಿಡುತ್ತಿರುವುದು.

ಇನ್ನು ದಂಡ. ಮಾಲೀಕರು ಕಾನೂನು ಒಪ್ಪದ ರೀತಿಯಲ್ಲಿ ಗಾಡಿಗೆ ಏನಾದರೂ ಜೋಡಿಸಿದರೆ, ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು 2019ರ ತಿದ್ದುಪಡಿಯಲ್ಲಿ ಬಂದದ್ದು. 'ಪ್ರತಿ ಬದಲಾವಣೆಗೂ' ಅನ್ನುವ ಮಾತನ್ನು ಗಮನಿಸಿ.

ದಂಡ ಒಂದು ಕಡೆ ಇರಲಿ. ನಾನೊಮ್ಮೆ ಹತ್ತಿರದವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗುವಾಗ ಡ್ರೈವರ್ ಪಕ್ಕ ಕೂತಿದ್ದೆ. ಮುಂದಿನ ಕಾರಿನವರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. ಅವರ ಕಣ್ಣು ಕನ್ನಡಿಗೆ ಬಂದು ಹೋದದ್ದು ನನಗೆ ಕಾಣಿಸಿತು. ಆದರೂ ಸರಿಯಲಿಲ್ಲ. ಸೈರನ್ ಕೂಗುತ್ತಲೇ ಇತ್ತು, ಹಿಂದೆ ಆಕ್ಸಿಜನ್ ಮಾಸ್ಕ್ ಹಿಡಿದುಕೊಂಡಿದ್ದ ಹುಡುಗ 'ಅಣ್ಣಾ, ಬೇಗ' ಅನ್ನುತ್ತಿದ್ದ. ಡ್ರೈವರ್ ಒಂದೇ ಮಾತು ಹೇಳಿದರು: 'ದಿನಾ ಹತ್ತು ಜನ ಸುಮ್ನೆ ಲೈಟ್ ಹಾಕಿಕೊಂಡು ಓಡಾಡ್ತಾರೆ ಸರ್, ಇವರು ಯಾರನ್ನ ಅಂತ ನಂಬ್ತಾರೆ?' ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಕನ್ನಡಿ.

ಪ್ರಶ್ನೆ: ನಾನು ವೈದ್ಯೆ. ರಾತ್ರಿ ಎಷ್ಟೋ ಸಲ ತುರ್ತು ಕರೆ ಬರುತ್ತದೆ, ನನ್ನ ಸ್ವಂತ ಕಾರಿನಲ್ಲೇ ಆಸ್ಪತ್ರೆಗೆ ಓಡಬೇಕು. ಆಂಬುಲೆನ್ಸಿಗೆ ಇರುವ ಲೈಟ್ ನನಗೆ ಯಾಕಿಲ್ಲ?

ಉತ್ತರ: ಡಾಕ್ಟರೇ, ನಿಮ್ಮ ಅವಸರ ನಿಜವಾದ ಅವಸರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ನಿಯಮ ಆಂಬುಲೆನ್ಸ್ ದೀಪವನ್ನು ರೋಗಿಯನ್ನು ಸಾಗಿಸುವ ಗಾಡಿಗೆ ಕೊಟ್ಟಿದೆ, ವೈದ್ಯರ ಕಾರಿಗೆ ಕೊಟ್ಟಿಲ್ಲ. ನಿಯಮದ ಪುಸ್ತಕದಲ್ಲಿ ಅದನ್ನು ನೇರಳೆ ಗಾಜಿನೊಳಗೆ ಮಿನುಗುವ ಕೆಂಪು ದೀಪ ಅಂತ ಬರೆದಿದ್ದಾರೆ.

ಬೇರೆ ದೇಶಗಳಲ್ಲಿ ಬೇರೆ ದಾರಿ ಹುಡುಕಿದ್ದಾರೆ. ಬ್ರಿಟನ್ನಿನಲ್ಲಿ ನೋಂದಾಯಿತ ವೈದ್ಯರು ತುರ್ತು ಕರೆಗೆ ಹೋಗುವಾಗ ಹಸಿರು ದೀಪ ಹಾಕಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕ ಅಗ್ನಿಶಾಮಕರಿಗೆ ನೀಲಿ, ಸ್ವಯಂಸೇವಕ ಆಂಬುಲೆನ್ಸ್ ಸಿಬ್ಬಂದಿಗೆ ಹಸಿರು, ಅದೂ ಅವರ ಮುಖ್ಯಸ್ಥರ ಲಿಖಿತ ಒಪ್ಪಿಗೆ ಇದ್ದರೆ. ಆದರೆ ಎರಡೂ ಕಡೆ ಆ ದೀಪ ಸಿಗ್ನಲ್ ಹಾರುವ, ವೇಗ ಮಿತಿ ಮೀರುವ ಹಕ್ಕು ಕೊಡುವುದಿಲ್ಲ. 'ದಯವಿಟ್ಟು ದಾರಿ ಬಿಡಿ' ಅನ್ನುವ ವಿನಂತಿ ಅಷ್ಟೇ. ನಮ್ಮಲ್ಲೂ ಇಂಥದ್ದೊಂದು ಬಣ್ಣ ವೈದ್ಯರಿಗೆ ಇರಬೇಕು ಅಂತ ನನಗೆ ಅನ್ನಿಸುತ್ತದೆ, ಆದರೆ ಬರುವವರೆಗೆ ನಾವೇ ಹಾಕಿಕೊಳ್ಳುವಂತಿಲ್ಲ.

ಇನ್ನೊಂದು ವಿಷಯ ಕೇಳದೆಯೇ ಹೇಳುತ್ತೇನೆ. ಕಾರಿನ ಗಾಜಿನ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಶಿಲುಬೆ ಗುರುತಿದ್ದರೆ ಅದನ್ನೂ ತೆಗೆಯಿರಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅದು ರೆಡ್ ಕ್ರಾಸ್‌ನ ಲಾಂಛನ, ವೈದ್ಯರದ್ದಲ್ಲ.

ಪ್ರಶ್ನೆ: ನಮ್ಮ ಯಜಮಾನರು ಸರ್ಕಾರಿ ಹುದ್ದೆಯಲ್ಲಿದ್ದಾರೆ. ಸ್ವಂತ ಕಾರಿಗೆ ಒಂದು ಸಣ್ಣ ದೀಪ ಹಾಕಿಸೋಣ ಅನ್ನುತ್ತಾರೆ. ಮೊದಲೆಲ್ಲ ಗೂಟದ ಕಾರುಗಳು ಇರುತ್ತಿದ್ದವಲ್ಲ?

ಉತ್ತರ: ಇದ್ದವು ಅಮ್ಮಾ, ಈಗ ಇಲ್ಲ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಂಪು ಗೂಟ ಉನ್ನತ ಸಾಂವಿಧಾನಿಕ ಹುದ್ದೆಯವರಿಗೆ ಮಾತ್ರ ಅಂದಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಅದನ್ನೂ ತೆಗೆಯಿತು. ರಾಷ್ಟ್ರಪತಿ, ಪ್ರಧಾನಿ ಕಾರಿನ ಮೇಲೇ ಇಲ್ಲ. ಹಾಗಿರುವಾಗ ಸ್ವಂತ ಕಾರಿಗೆ ಎಲ್ಲಿಂದ ಬರಬೇಕು?

ಯಜಮಾನರಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವರ ಬದಲು ಆ ಕಾರನ್ನು ಮಗನೋ ತಮ್ಮನೋ ಓಡಿಸಿದರೆ ಸಂಗತಿ ಇನ್ನೂ ಗಂಭೀರ. ಸರ್ಕಾರಿ ನೌಕರನೆಂದು ನಟಿಸಿ ಆ ನೆಪದಲ್ಲಿ ಏನಾದರೂ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಬರುತ್ತದೆ, ಕನಿಷ್ಠ ಆರು ತಿಂಗಳು, ಮೂರು ವರ್ಷದವರೆಗೂ ಜೈಲು.

ಪ್ರಶ್ನೆ: ನನ್ನ ಪಿಕಪ್ ಗಾಡಿಯಲ್ಲಿ ಆಗಾಗ ಕೆಟ್ಟು ನಿಂತ ಗಾಡಿಗಳನ್ನು ಎಳೆದುಕೊಂಡು ಬರುತ್ತೇನೆ. ಹಳದಿ ತಿರುಗುವ ಲೈಟ್ ಹಾಕಬಹುದಾ?

ಉತ್ತರ: ಹಳದಿ, ಅಂದರೆ ಅಂಬರ್, ಅದರ ಅರ್ಥವೇ ಬೇರೆ. 'ದಾರಿ ಬಿಡಿ' ಅಂತಲ್ಲ, 'ಇಲ್ಲಿ ನಿಧಾನವಾದದ್ದು ಏನೋ ಇದೆ, ನೋಡಿಕೊಂಡು ಬನ್ನಿ' ಅಂತ. ಟೋಯಿಂಗ್ ಗಾಡಿ, ರಸ್ತೆ ಕೆಲಸದ ಯಂತ್ರಗಳ ಮೇಲೆ ಅದು ಇರುವುದು ಅದಕ್ಕೇ. ಆದರೆ ನಿಮ್ಮ ಆರ್‌ಸಿಯಲ್ಲಿ ಗಾಡಿ ಬರೀ ಸರಕು ವಾಹನ ಅಂತ ಇದ್ದರೆ ಸುಮ್ನೆ ಹಾಕಿಸಬೇಡಿ. ಮೊದಲು ಆರ್‌ಟಿಓದಲ್ಲಿ ಲಿಖಿತವಾಗಿ ಕೇಳಿ, ಒಪ್ಪಿಗೆ ಕೊಟ್ಟರೆ ಆ ಕಾಗದ ಗಾಡಿಯಲ್ಲೇ ಇಟ್ಟುಕೊಳ್ಳಿ. ಅಲ್ಲಿಯವರೆಗೆ ರಸ್ತೆ ಬದಿ ನಿಂತಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿ, ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನ ಇಡಿ. ಹೈವೇ ಅಂದರೆ ಹತ್ತು ಹೆಜ್ಜೆ ದೂರ ಸಾಲದು.

ಪ್ರಶ್ನೆ: ಜೋರು ಮಳೆಯಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವುದು ಒಳ್ಳೆಯದಲ್ವಾ?

ಉತ್ತರ: ಅಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುತ್ತಿದ್ದರೆ ನೀವು ಎಡಕ್ಕೋ ಬಲಕ್ಕೋ ತಿರುಗುವುದು ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ. ನಿಂತಿದ್ದೀರೋ ಹೋಗುತ್ತಿದ್ದೀರೋ ಅನ್ನುವುದೂ ತಿಳಿಯುವುದಿಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ, ವೇಗ ಕಡಿಮೆ ಮಾಡಿ, ಅಂತರ ಜಾಸ್ತಿ ಬಿಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಗ್ರಿಲ್ ಒಳಗೆ ಹಳೆಯ ಮಾಲೀಕರು ಹಾಕಿಸಿದ ಫ್ಲ್ಯಾಶರ್ ಇದೆ. ನಾನು ಹಾಕಿಸಿದ್ದಲ್ಲ, ಉರಿಸುವುದೂ ಇಲ್ಲ. ಹಾಗೇ ಬಿಟ್ಟರೆ?

ಉತ್ತರ: ರಸ್ತೆಯಲ್ಲಿ ನಿಲ್ಲಿಸಿದಾಗ ಉತ್ತರ ಕೊಡಬೇಕಾದವರು ನೀವೇ, ಯಾಕೆಂದರೆ ಆರ್‌ಸಿಯಲ್ಲಿ ಈಗ ನಿಮ್ಮ ಹೆಸರಿದೆ. ಸ್ವಿಚ್ ಆಫ್ ಇದೆ ಅಂದರೆ ಸಾಲುವುದಿಲ್ಲ. ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಬಾನೆಟ್ ತೆಗೆಸಿ ವೈರ್ ಎಲ್ಲಿಂದ ಬಂದಿದೆ ನೋಡಿಸಿ. ಎಷ್ಟೋ ಗಾಡಿಗಳಲ್ಲಿ ಫ್ಯೂಸ್ ಕೂಡ ಇಲ್ಲದೆ ನೇರ ಬ್ಯಾಟರಿಗೆ ಸುತ್ತಿ ಮೇಲೆ ಟೇಪ್ ಹಚ್ಚಿರುತ್ತಾರೆ. ಬಿಸಿಗೆ ಆ ಟೇಪ್ ಬಿಟ್ಟುಕೊಂಡು ಒಳಗಿನ ತಾಮ್ರ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಲೈಟ್, ವೈರ್, ಡ್ಯಾಶ್‌ಬೋರ್ಡ್ ಕೆಳಗಿನ ಸ್ವಿಚ್ ಮೂರನ್ನೂ ತೆಗೆಸಿ, ಕೊರೆದ ತೂತಿದ್ದರೆ ರಬ್ಬರ್ ಬಿರಡೆ ಹಾಕಿಸಿ. ನೀರು ಒಳಗೆ ಹೋಗದಿರಲಿ.