ಅಂಕಿ ಇದ್ದ ಮೇಲೆ ಮೌಲ್ಯ ಯಾಕೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಪ್ರಾಜೆಕ್ಟ್ ವರದಿಯಲ್ಲಿ 'ಸಮಾಜದ ಮೇಲಿನ ಪರಿಣಾಮ' ಅಂತ ಒಂದು ಅಧ್ಯಾಯ ಬರೆಯಬೇಕು. ಎಷ್ಟು ಸಮಯ ಉಳಿಯಿತು, ಎಷ್ಟು ಖರ್ಚು ತಗ್ಗಿತು ಅಂತ ಲೆಕ್ಕ ಕೊಟ್ಟರೆ ಸಾಲದೇ? ಮೌಲ್ಯಗಳನ್ನೂ ಬರೆಯಿರಿ ಅಂತಾರೆ ಗೈಡ್. ಮೌಲ್ಯ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ತಂದರೆ ವರದಿ ಬರೀ ಅಭಿಪ್ರಾಯ ಆಗಿಬಿಡಲ್ವಾ?

ಉತ್ತರ: ಲೆಕ್ಕ ಬೇಕೇ ಬೇಕು. ಆದರೆ ಯಾವುದನ್ನು ಎಣಿಸಬೇಕು ಅಂತ ಲೆಕ್ಕ ಹೇಳುವುದಿಲ್ಲ. ಅದನ್ನು ತೀರ್ಮಾನಿಸುವಾಗಲೇ ಮೌಲ್ಯ ಒಳಗೆ ಬಂದಿರುತ್ತದೆ.

ಅಮೆರಿಕದ 'ಕಾಂಪಾಸ್' ತಂತ್ರಾಂಶವನ್ನೇ ನೋಡಿ. ಆರೋಪಿ ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಅಂತ ಅದು 1ರಿಂದ 10ರವರೆಗೆ ಅಂಕ ಕೊಡುತ್ತದೆ. 2016ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಫ್ಲಾರಿಡಾದ ಒಂದು ಕೌಂಟಿಯ ದಾಖಲೆಗಳನ್ನು ತಾಳೆ ನೋಡಿತು. ಮತ್ತೆ ಅಪರಾಧ ಮಾಡದವರ ಪೈಕಿ 'ಅಪಾಯ ಜಾಸ್ತಿ' ಎಂಬ ಹಣೆಪಟ್ಟಿ ಹೊತ್ತವರು ಕಪ್ಪು ಜನರಲ್ಲಿ ಶೇ 44.9, ಬಿಳಿಯರಲ್ಲಿ ಶೇ 23.5. ಒಂದೇ ಅಂಕ ಪಡೆದವರು ಯಾವ ಬಣ್ಣದವರಾದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬಿದ್ದಿದ್ದಾರೆ, ಪಕ್ಷಪಾತ ಎಲ್ಲಿ ಅಂತ ಕಾಂಪಾಸ್ ತಯಾರಿಸಿದ ಕಂಪನಿ ವಾದಿಸಿತು. ಇಬ್ಬರ ಲೆಕ್ಕಕ್ಕೂ ಆಧಾರವಿತ್ತು! ಮತ್ತೆ ಸಿಕ್ಕಿಬೀಳುವವರ ಪ್ರಮಾಣ ಎರಡು ಗುಂಪಿನಲ್ಲಿ ಬೇರೆಬೇರೆ ಇದ್ದರೆ, ತಪ್ಪು ಹಣೆಪಟ್ಟಿ ಎರಡೂ ಗುಂಪಿಗೆ ಒಂದೇ ಪ್ರಮಾಣದಲ್ಲಿ ಬೀಳುವುದು, ಒಂದೇ ಅಂಕಕ್ಕೆ ಎರಡೂ ಗುಂಪಿನಲ್ಲಿ ಒಂದೇ ಅರ್ಥ ಇರುವುದು ಎಂಬ ಈ ಎರಡು ಬಗೆಯ ಸಮಾನತೆ ಒಟ್ಟಿಗೆ ಸಿಗುವುದಿಲ್ಲ ಅಂತ ಸಂಶೋಧಕರು ಗಣಿತದಿಂದಲೇ ತೋರಿಸಿದರು. ಯಾವುದಾದರೂ ಒಂದನ್ನು ಆರಿಸಲೇಬೇಕು. ಮತ್ತೆ ತಪ್ಪು ಮಾಡದವನನ್ನು ಸುಮ್ನೆ ಅಪಾಯಕಾರಿ ಅಂದುಬಿಡುವುದು ನನಗೆ ದೊಡ್ಡ ಅನ್ಯಾಯ. ಹಾಗಾಗಿ ನಾನು ಮೊದಲನೆಯ ಲೆಕ್ಕದ ಕಡೆ.

ನಾನು ವರ್ಷಗಟ್ಟಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು. ಒಂದು ಆನ್‌ಲೈನ್ ಅರ್ಜಿಯ ಟೆಸ್ಟಿಂಗ್ ಶೀಟಿನಲ್ಲಿ 'ತುಂಬಲು ಹಿಡಿದ ನಿಮಿಷ' ಅಂತ ಕಾಲಂ ಇತ್ತು. ಸರಾಸರಿ ಚೆನ್ನಾಗಿಯೇ ಬಂದಿತ್ತು. ಆದರೆ ಆ ಸರಾಸರಿಯಲ್ಲಿ ಇದ್ದವರು ಕೊನೆಯ ಬಟನ್ ಒತ್ತಿದವರು ಮಾತ್ರ. ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿದು ಅಲ್ಲಿಗೇ ಬಿಟ್ಟವರು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ದಿನಾಂಕದ ಜಾಗವನ್ನು ಓದದೆ ಸಿಕ್ಕಿಹಾಕಿಕೊಂಡ ಅಂಧರು ಯಾವ ಕಾಲಂನಲ್ಲೂ ಇರಲಿಲ್ಲ. ವೇಗವೇ ಮುಖ್ಯ ಅಂತ ಮೊದಲೇ ತೀರ್ಮಾನವಾಗಿತ್ತು. ಶೀಟು ಅದನ್ನೇ ಅಳೆಯಿತು.

ಮೌಲ್ಯ ಒಬ್ಬೊಬ್ಬರಿಗೆ ಒಂದೊಂದು ಅನ್ನೋದು ನಿಜ. ಅದಕ್ಕೇ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಓದುವವರು ಒಪ್ಪಬಹುದು, ವಾದಿಸಬಹುದು. ಏನನ್ನು ಎಣಿಸಿದಿರಿ, ಯಾಕೆ, ಏನನ್ನು ಬಿಟ್ಟಿರಿ ಅನ್ನುವುದರಿಂದಲೇ ಅಧ್ಯಾಯ ಶುರು ಮಾಡಿ. ನೀವು ಮಾಡಿದ್ದು ಕೈಕೊಟ್ಟರೆ ಪೆಟ್ಟು ಯಾರಿಗೆ ಬೀಳುತ್ತದೋ ಅಂಥ ನಾಲ್ಕಾರು ಜನರನ್ನು ಹೋಗಿ ಮಾತಾಡಿಸಿ. ಅವರು ಹೇಳಿದ್ದನ್ನು ಕೊನೆಯ ಅನುಬಂಧಕ್ಕೆ ತಳ್ಳಬೇಡಿ. ಸಮಯ, ಖರ್ಚಿನ ಲೆಕ್ಕದ ಪಕ್ಕದಲ್ಲೇ ಹಾಕಿ.